ಟೀವಿ ನುಂಗಿದ ಹೆಸರು

ಬುಡಾಪೆಸ್ಟ್, ಮಾರ್ಚ್ 8, 1999

ಪ್ರೀತಿಯ ಶಾರಿ,

ಲಕೋಟೆಯ ಮೇಲೆ ನನ್ನ ಅಕ್ಷರ ಕಂಡ ಕೂಡಲೇ ಇದನ್ನು ಒಲೆಗೆ ಹಾಕಬೇಕೆನಿಸುತ್ತದೆ ಎಂದು ಗೊತ್ತು. ಹಾಕು, ಆದರೆ ಓದಿ ಹಾಕು. ಇವತ್ತು ಮಹಿಳಾ ದಿನ. ಆಫೀಸಿನ ಹೆಂಗಸರಿಗೆಲ್ಲ ಹೂ ಕೊಟ್ಟೆವು. ಒಂದು ಗೊಂಚಲು ಉಳಿದು ನನ್ನ ಮೇಜಿನ ಮೇಲೆ ಬಾಡುತ್ತಿದೆ, ಅದನ್ನು ನೋಡಿ ನಿನ್ನ ನೆನಪಾಯಿತು.

ಸುತ್ತಿ ಬಳಸಿ ಹೇಳುವುದಿಲ್ಲ. ನಮ್ಮ 'ಗಡಿಕೋಟೆ' ಕಂಪ್ಯೂಟರಿನಲ್ಲಿ ಎಷ್ಟು ಓಡಿತೆಂದು ನಿನಗೆ ಗೊತ್ತೇ ಇದೆ. ಈಗ ಲಂಡನ್ನಿನ ಪ್ರಕಾಶಕರು ಅದು ಮನೆಮನೆಯ ಟೀವಿಗೆ ಜೋಡಿಸುವ ಆಟದ ಪೆಟ್ಟಿಗೆಗೂ ಬರಬೇಕೆಂದು ಹಟ ಹಿಡಿದಿದ್ದಾರೆ. ಕ್ರಿಸ್‌ಮಸ್‌ಗೆ ಅಂಗಡಿಯಲ್ಲಿರಬೇಕಂತೆ. ಪೆಟ್ಟಿಗೆಗೆ ಮೌಸ್ ಇಲ್ಲ, ಕೀಲಿಮಣೆ ಇಲ್ಲ. ಎರಡು ಹೆಬ್ಬೆರಳು, ನಾಲ್ಕಾರು ಬಟನ್, ಅಷ್ಟೆ. ಮೌಸ್ ಇದ್ದಾಗ ಇನ್ನೂರು ಸೈನಿಕರನ್ನು ಬಲೆ ಬೀಸಿದಂತೆ ಒಂದೇ ಎಳೆತಕ್ಕೆ ಹಿಡಿದು ಯುದ್ಧಕ್ಕೆ ನುಗ್ಗಿಸುತ್ತಿದ್ದೆವಲ್ಲ, ಇಲ್ಲಿ ಬಾಣದ ಗುರುತು ಕುಡುಕನ ಹಾಗೆ ಪರದೆಯ ತುಂಬ ತೂರಾಡುತ್ತದೆ. ಒಬ್ಬ ಸೈನಿಕನನ್ನು ಹಿಡಿಯುವಷ್ಟರಲ್ಲಿ ತುರ್ಕರು ಕೋಟೆಯೊಳಗೆ ಬಂದು ಊಟಕ್ಕೆ ಕೂತಿರುತ್ತಾರೆ. ನನ್ನವರು ಆರು ತಿಂಗಳು ಹೆಣಗಿ ಕೈಚೆಲ್ಲಿದ್ದಾರೆ.

ಸೆಪ್ಟೆಂಬರಿನಲ್ಲಿ ಪೆಟ್ಟಿಗೆ ಮಾಡುವ ಕಂಪನಿಯ ಪರೀಕ್ಷಕರು ಆಟವನ್ನು ಒಪ್ಪದಿದ್ದರೆ ಪ್ರಕಾಶಕರು ನಮ್ಮ ಆಫೀಸಿಗೆ ಬೀಗ ಹಾಕಿ 'ಗಡಿಕೋಟೆ'ಯನ್ನು ತಾವೇ ಇಟ್ಟುಕೊಳ್ಳುತ್ತಾರೆ. ಹನ್ನೊಂದು ಜನ ಬೀದಿಗೆ ಬರುತ್ತಾರೆ, ನಾನೂ ಸೇರಿ. ನೀನು ಈಚೆಗೆ ವಿಯೆನ್ನಾದವರಿಗೆ ಫುಟ್‌ಬಾಲು, ಕಾರು ಓಟ ಎಲ್ಲವನ್ನೂ ಪೆಟ್ಟಿಗೆಗೆ ಇಳಿಸಿಕೊಟ್ಟೆ ಎಂದು ಕೇಳಿದೆ. ಈ ಕೆಲಸ ನಿನ್ನೊಬ್ಬಳಿಂದಲೇ ಸಾಧ್ಯ. ಹಳೆಯದನ್ನೆಲ್ಲ ಮರೆಯೋಣ. ಫೋನ್ ಮಾಡಲೇ?

ನಿನ್ನ,
ವೆಂದೆಲ್

*

ಸೆಗೆದ್, ಮಾರ್ಚ್ 16

ವೆಂದೆಲ್,

ಒಲೆಗೆ ಹಾಕಲಿಲ್ಲ. ಎರಡು ಸಲ ಓದಿದೆ, ಅಷ್ಟು ಹಿತವಾಗಿತ್ತು.

ಮರೆಯೋಣ ಎನ್ನುತ್ತೀಯ. ನನ್ನ ನೆನಪು ಗಟ್ಟಿಯಾಗಿದೆ. 'ಗಡಿಕೋಟೆ'ಯ ನೆಲ, ಕೋಟೆ, ಸೈನಿಕರು ಹೇಗೆ ಮಾತು ಕೇಳಬೇಕು, ಯಾವಾಗ ಓಡಬೇಕು, ಇದೆಲ್ಲ ನಾನು ಮಾಡಿದ್ದು. ಅದನ್ನು ಓಡಿಸುವ ಯಂತ್ರಭಾಗ ನೀನು ಬರೆದದ್ದು. ಲಂಡನ್ನಿನವರು ಒಂದೇ ಟಿಕೆಟ್ ಕಳಿಸಿದ್ದಾರೆಂದು ಒಬ್ಬನೇ ಹೋದೆ. ಆಟದ ಡಬ್ಬಿ ಅಂಗಡಿಗೆ ಬಂದಾಗ ಅದರ ಮೇಲೆ 'ತರ್ತ್ಸಾಲಿ ವೆಂದೆಲ್ ಅವರ ಆಟ' ಎಂದಿತ್ತು. ನಾನು ಅಂಗಡಿಯಲ್ಲೇ ನಿಂತು ಡಬ್ಬಿ ಬಿಚ್ಚಿ ನನ್ನ ಹೆಸರು ಹುಡುಕಿದೆ. ಕೈಪಿಡಿಯ ಕೊನೆಯ ಪುಟ, ಕೃತಜ್ಞತೆಗಳು, ನಿನ್ನ ನಾಯಿಯ ಹೆಸರಿನ ಕೆಳಗೆ: 'ಕಾಫಿ ಮಾಡಿಕೊಟ್ಟ ಶಾರಿಗೆ.' ನನಗೆ ಕಾಫಿ ಮಾಡಲು ಬರುವುದಿಲ್ಲ, ವೆಂದೆಲ್. ಆಫೀಸಿನಲ್ಲಿ ಕಾಫಿ ಮಾಡುತ್ತಿದ್ದವನು ನೀನು.

ಕೆಲಸ ಮಾಡಿಕೊಡುತ್ತೇನೆ. ಸೆಗೆದ್ ಬಿಟ್ಟು ಬರುವುದಿಲ್ಲ, ಡಿಸ್ಕುಗಳು ಅಂಚೆಯಲ್ಲಿ ಹೋಗಿಬರಲಿ. ಫೋನ್ ಮಾಡಬೇಡ. ನೀನು ಬಾಯಲ್ಲಿ ಹೇಳಿದ್ದೆಲ್ಲ ಗಾಳಿಗೆ ಹೋದದ್ದನ್ನು ಒಮ್ಮೆ ನೋಡಿದ್ದೇನೆ, ಈ ಸಲ ಪ್ರತಿಯೊಂದೂ ಕಾಗದದ ಮೇಲೆ, ಶಾಯಿಯಲ್ಲಿ, ನಿನ್ನ ಸಹಿಯೊಂದಿಗೆ ಬರಬೇಕು. ಬಟನ್ ಒತ್ತಿದರೆ ಏನಾಗಬೇಕೆನ್ನುವುದು ಮೊದಲಿನಿಂದ ಕೊನೆಯವರೆಗೆ ನನ್ನದು, ಅದರಲ್ಲಿ ಒಂದು ಸಾಲನ್ನೂ ಯಾರೂ ಮುಟ್ಟಕೂಡದು. ಆಟದ ಮೊದಲ ಪರದೆಯ ಮೇಲೆ ನನ್ನ ಹೆಸರು ನಿನ್ನ ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ ಇರಬೇಕು. ಒಪ್ಪಿಗೆಯಾದರೆ ಬರೆ. ಇಲ್ಲವಾದರೆ ಆ ಗೊಂಚಲಿಗೆ ನೀರು ಹಾಕಿಕೊಂಡಿರು.

ಬಾಕೋಶ್ ಶಾರೊಲ್ತಾ

*

ಬುಡಾಪೆಸ್ಟ್, ಮಾರ್ಚ್ 22

ಶಾರಿ,

ಎಲ್ಲಕ್ಕೂ ಒಪ್ಪಿದೆ, ಸಹಿ ಕೆಳಗಿದೆ. ಬಟನ್ನುಗಳ ಲೋಕ ನಿನ್ನದು. ನಿನ್ನ ಹೆಸರು ಮೊದಲ ಪರದೆಯ ಮೇಲೆ ಬರುತ್ತದೆ, ನನ್ನದರಷ್ಟೇ ದಪ್ಪಕ್ಕೆ, ಬೇಕಾದರೆ ಬಂಗಾರದ ಬಣ್ಣದಲ್ಲಿ.

ನನ್ನದೂ ಒಂದು ಷರತ್ತು. ಪರದೆ ನಮ್ಮದು. ಯಾವ ಚಿತ್ರ ಎಲ್ಲಿ ಕೂರಬೇಕು, ನಕ್ಷೆ ಎಲ್ಲಿರಬೇಕು, ಅಕ್ಷರ ಎಲ್ಲಿ ಬರಬೇಕೆನ್ನುವುದನ್ನು ನಾವು ತೀರ್ಮಾನಿಸುತ್ತೇವೆ. ಅದರಲ್ಲಿ ನೀನು ಮೂಗು ತೂರಿಸಬೇಡ. ಇಲ್ಲಿಯವರೆಗೆ ಆಗಿರುವ ಕೆಲಸದ ಡಿಸ್ಕ್ ಇದರ ಜೊತೆಗಿದೆ. ನಗಬೇಡ.

ತರ್ತ್ಸಾಲಿ ವೆಂದೆಲ್

*

ಸೆಗೆದ್, ಏಪ್ರಿಲ್ 20

ಪಿರೋಷ್ಕಾ ಅಕ್ಕಾ,

ಕುರ್ಚಿ ಎಳೆದುಕೊಂಡು ಕೂತು ಓದು. ಹೋದ ವಾರ ಫೋನಿನಲ್ಲಿ ಹೇಳಿದ ವೆಂದೆಲ್‌ನ ಕೆಲಸದ ಸುದ್ದಿಗಿಂತ ಸಿಹಿಯಾದದ್ದು ಇದೆ.

ವೆಂದೆಲ್ ಕಳಿಸಿದ ಡಿಸ್ಕನ್ನು ಎತೆಲ್ಕಾ ಚಿಕ್ಕಮ್ಮನ ಅಡುಗೆಮನೆಯ ಟೀವಿಗೆ ಹಾಕಿ ನೋಡಿದೆ. ಆಟಗಳನ್ನು ನಾನು ಪರೀಕ್ಷಿಸುವುದೇ ಆ ಹಳೇ ಟೀವಿಯಲ್ಲಿ, ಏಕೆಂದರೆ ಜನರ ಮನೆಯಲ್ಲಿರುವುದೂ ಅಂಥದ್ದೇ. ಚಿಕ್ಕಮ್ಮ ಆಲೂಗಡ್ಡೆ ಸುಲಿಯುತ್ತಾ ಕೂತಿದ್ದಳು.

"ಅದೇನೇ ಅದು, ನೊಣ ಹೊಡೀತಿದೀಯಾ?"

"ಯುದ್ಧ ಮಾಡ್ತಿದೀನಿ ಚಿಕ್ಕಮ್ಮ. ಕೋಟೆಯೋರು ನಾವು, ಮುತ್ತಿಗೆ ಹಾಕಿರೋರು ತುರ್ಕರು."

"ಯಾರು ಗೆಲ್ತಿದಾರೆ?"

"ಗೊತ್ತಾಗ್ತಿಲ್ಲ. ನಕ್ಷೆ ಕಾಣ್ತಿಲ್ಲ."

"ಹಂಗಾದ್ರೆ ನಾವೇ ಸೋಲ್ತಿರ್ತೀವಿ ಬಿಡು."

ನಕ್ಷೆ ನಿಜವಾಗಿಯೂ ಕಾಣುತ್ತಿರಲಿಲ್ಲ. ಶತ್ರು ಎಲ್ಲಿದ್ದಾನೆಂದು ತೋರಿಸುವ ಪುಟ್ಟ ನಕ್ಷೆ ಈ ಆಟಕ್ಕೆ ಕಣ್ಣಿದ್ದ ಹಾಗೆ. ಎಲ್ಲಿ ಹೋಯಿತೆಂದು ಅದೇ ಡಿಸ್ಕನ್ನು ಕಂಪ್ಯೂಟರಿನ ಮಾನಿಟರಿನಲ್ಲಿ ನೋಡಿದೆ. ಅಲ್ಲಿ ಕೆಳಗಿನ ಮೂಲೆಗೆ ಅಂಟಿಕೊಂಡು ಸುಖವಾಗಿ ಕೂತಿದೆ! ಆಗ ನನಗೆ ಹೊಳೆಯಿತು. ಮಾನಿಟರು ತನಗೆ ಕೊಟ್ಟ ಚಿತ್ರವನ್ನೆಲ್ಲ ತೋರಿಸುತ್ತದೆ. ಟೀವಿ ಹಾಗಲ್ಲ, ಚಿತ್ರದ ಸುತ್ತಲಿನ ಒಂದು ಪಟ್ಟಿಯನ್ನು ತನ್ನ ಚೌಕಟ್ಟಿನ ಹಿಂದೆ ನುಂಗಿಕೊಳ್ಳುತ್ತದೆ. ಅಂಚಿನಲ್ಲಿ ಏನಿಟ್ಟರೂ ಅದು ಮನೆಯವರಿಗೆ ಕಾಣುವುದಿಲ್ಲ. ಪೆಟ್ಟಿಗೆಗೆ ಆಟ ಮಾಡುವವರು ಮೊದಲ ದಿನ ಕಲಿಯುವ ಪಾಠ ಇದು. ವೆಂದೆಲ್‌ನವರು ಕಲಿತಿಲ್ಲ. ಜೀವನವೆಲ್ಲ ಮಾನಿಟರಿನ ಮುಂದೆ ಬೆಳೆದವರು, ಪೆಟ್ಟಿಗೆಯನ್ನೂ ಮಾನಿಟರಿಗೇ ಜೋಡಿಸಿಕೊಂಡಿದ್ದಾರೆ. ಟೀವಿ ನೋಡುವವರು ದಡ್ಡರೆಂದು ಆ ಮಹಾನುಭಾವ ಆಫೀಸಿನೊಳಗೆ ಒಂದು ಟೀವಿ ಕಾಲಿಡಲೂ ಬಿಟ್ಟಿಲ್ಲ.

ಪರೀಕ್ಷಕರು ಟೀವಿಯಲ್ಲೇ ನೋಡುವುದು. ನಕ್ಷೆ ಕಾಣದಿದ್ದರೆ ಆಟವನ್ನು ವಾಪಸ್ ಒಗೆಯುತ್ತಾರೆ. ಒಗೆದರೆ ಕ್ರಿಸ್‌ಮಸ್ ಹೋಯಿತು, ಕ್ರಿಸ್‌ಮಸ್ ಹೋದರೆ ವೆಂದೆಲ್ ಹೋದ. ನಾನು ಒಂದು ಮಾತು ಬರೆದರೆ ಉಳಿಯುತ್ತಾನೆ. ಬರೆಯುವುದಿಲ್ಲ. ಪರದೆಯ ವಿಷಯದಲ್ಲಿ ಮೂಗು ತೂರಿಸಬೇಡ ಎಂದು ಅವನೇ ಸಹಿ ಹಾಕಿ ಕೊಟ್ಟಿದ್ದಾನೆ. ನನ್ನ ಮೂಗು ಎಲ್ಲಿರಬೇಕೋ ಅಲ್ಲೇ ಇದೆ.

ನಾಲ್ಕು ವರ್ಷ ಅಕ್ಕ. ಅಂಗಡಿಯಲ್ಲಿ ಆ ಡಬ್ಬಿ ಕಂಡಾಗಲೆಲ್ಲ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಗುತ್ತಿತ್ತು. ಈಗ ಮೊದಲ ಸಲ ಹೊಟ್ಟೆ ತಣ್ಣಗಿದೆ.

ನಿನ್ನ,
ಶಾರಿ

*

ಗ್ಯೋರ್, ಮೇ 2

ಶಾರಿ,

ನಿನ್ನ ಕಾಗದವನ್ನು ಬೇಕರಿಯಲ್ಲಿ ಹಿಟ್ಟಿನ ಕೈಯಲ್ಲೇ ಓದಿದೆ, ಅದಕ್ಕೇ ಇದರ ಮೇಲೂ ಹಿಟ್ಟು. ಸುಳ್ಳೇಕೆ ಹೇಳಲಿ, ಖುಷಿಯಾಯಿತು. ಆ ಮನುಷ್ಯ ನಮ್ಮ ಮನೆಯಲ್ಲಿ ಕೂತು ಅಮ್ಮನ ಪ್ಲಮ್ ಕಡುಬನ್ನು ತಟ್ಟೆಗಟ್ಟಲೆ ತಿಂದು ಹೋದವನು. ಅವನ ಆಫೀಸಿಗೆ ಬೀಗ ಬಿದ್ದರೆ ನಾನು ಎರಡು ಹನಿ ಕಣ್ಣೀರೂ ಹಾಕುವುದಿಲ್ಲ.

ಆದರೆ ನಿನ್ನ ಭಾವ ಒಟ್ಟೋ ನಿನ್ನೆ ಊಟಕ್ಕೆ ಕೂತಾಗ ಒಂದು ಮಾತು ಹೇಳಿದ. ಬಿಯರ್ ಲೋಟಗಳ ಶಪಥ ಈ ಅಕ್ಟೋಬರಿಗೆ ಮುಗಿಯುತ್ತದಲ್ಲ. ನಮ್ಮ ಸೇನಾಪತಿಗಳನ್ನು ಕೊಂದ ದಿನ ಆಸ್ಟ್ರಿಯಾದವರು ಲೋಟ ತಟ್ಟಿ ಬಿಯರ್ ಕುಡಿದರೆಂದು, ನೂರೈವತ್ತು ವರ್ಷ ನಾವು ಬಿಯರ್ ಲೋಟ ತಟ್ಟುವುದಿಲ್ಲ ಎಂದು ಮುನಿಸಿಕೊಂಡದ್ದು. ಒಟ್ಟೋ ನಗುತ್ತಾ ಹೇಳಿದ: "ನೂರೈವತ್ತು ವರ್ಷ ಮುನಿಸ್ಕೊಂಡು ಏನ್ ಕಿತ್ಕೊಂಡ್ವಿ ಹೇಳು? ನಾವು ಮುನಿಸ್ಕೊಂಡಿದೀವಿ ಅಂತಾನೇ ಅವ್ರಿಗೆ ಗೊತ್ತಿಲ್ಲ."

ನೀನು ಮಾಡಲು ಹೊರಟಿರುವುದೂ ಅದೇ ಅಲ್ಲವೇನೇ? ಆಟ ವಾಪಸ್ ಬಂದರೆ ವೆಂದೆಲ್ ತನ್ನ ಗ್ರಹಚಾರ ಎಂದುಕೊಳ್ಳುತ್ತಾನೆ. ನಿನ್ನ ಕೈವಾಡ ಅವನಿಗೆ ಗೊತ್ತಾಗುವುದೇ ಇಲ್ಲ. ಅದಿರಲಿ, ಆಟ ಹೊರಗೇ ಬರದಿದ್ದರೆ ಮೊದಲ ಪರದೆಯ ಮೇಲಿನ ನಿನ್ನ ಹೆಸರನ್ನು ಓದುವವರು ಯಾರು? ಎತೆಲ್ಕಾ ಚಿಕ್ಕಮ್ಮನಾ? ಅವನು ಮುಳುಗುವ ದೋಣಿಯಲ್ಲಿ ನೀನೂ ಕೂತಿದ್ದೀಯ, ಅವನ ಆಫೀಸಿನ ಉಳಿದ ಹತ್ತು ಜನರೂ ಕೂತಿದ್ದಾರೆ. ನಿನಗೆ ಬೇಕಾದದ್ದು ಅವನ ಬೀಗವೋ, ನಿನ್ನ ಹೆಸರೋ? ಒಂದನ್ನು ಆರಿಸಿಕೋ.

ಚಿಕ್ಕಮ್ಮನಿಗೆ ಕಾಲುನೋವು ಹೇಗಿದೆ ಬರೆ.

ಅಕ್ಕ

*

ಬುಡಾಪೆಸ್ಟ್, ಜೂನ್ 11

ಶಾರಿ,

ನಿನ್ನ ಡಿಸ್ಕ್ ತಲುಪಿತು. ಮೊದಲ ದಿನ ನಿನ್ನ ಮೇಲೆ ಕೂಗಾಡಿದೆ, ಇಲ್ಲಿಯವರನ್ನೇ ಕೇಳು. ಬಾಣದ ಗುರುತನ್ನೇ ಕಿತ್ತೆಸೆದಿದ್ದೀಯ! ನನ್ನ ಇನ್ನೂರು ಸೈನಿಕರನ್ನು ಮೂವತ್ತಕ್ಕೆ ಇಳಿಸಿದ್ದೀಯ. ಮೇಲಿನಿಂದ ದೇವರ ಹಾಗೆ ನೋಡುತ್ತಿದ್ದ ಆಟಗಾರನನ್ನು ಕೆಳಗಿಳಿಸಿ ಕುದುರೆ ಹತ್ತಿಸಿ ಕೈಗೊಂದು ಕಹಳೆ ಕೊಟ್ಟಿದ್ದೀಯ. ಯುದ್ಧತಂತ್ರದ ಆಟವೋ, ಕುದುರೆ ಜಾತ್ರೆಯೋ ಎಂದೆ.

ಆಮೇಲೆ ಆಡಿ ನೋಡಿದೆವು. ಕಹಳೆಯನ್ನು ಒಮ್ಮೆ ಊದಿದರೆ ಹತ್ತಿರದವರು ಬರುತ್ತಾರೆ. ಒತ್ತಿ ಹಿಡಿದರೆ ದೂರದವರೂ ಓಡಿ ಬರುತ್ತಾರೆ. ಎರಡು ಸಲ ಊದಿದರೆ ನಿಂತಲ್ಲೇ ನಿಂತು ಕಾಯುತ್ತಾರೆ. ಇಷ್ಟೇ, ಆದರೆ ಇಡೀ ಯುದ್ಧ ಹೆಬ್ಬೆರಳಿನ ಕೆಳಗೆ ಬಂದಿದೆ. ಆ ದಿನ ಆಫೀಸಿನಲ್ಲಿ ಯಾರೂ ಕೆಲಸ ಮಾಡಲಿಲ್ಲ.

ಮಧ್ಯಾಹ್ನ ಅಮ್ಮ ವಾತ್ಸ್‌ನ ಮನೆಯಿಂದ ಮೀನಿನ ಸಾರು ತಂದಿದ್ದಳು. ಯಂತ್ರ ಎಂದರೆ ಮಾರುದೂರ ಹೋಗುವವಳು ಕೂತು ಆಡಿಬಿಟ್ಟಳು! "ಊದಿದ್ರೆ ಎಲ್ಲರೂ ಬರ್ತಾರಲ್ಲೋ! ನೀನು ಹತ್ತು ಸಲ ಕರೆದ್ರೂ ಬರಲ್ಲ, ಇವ್ರೇ ವಾಸಿ" ಎಂದಳು. ಎದ್ದು ಹೋಗುವಾಗ "ಈ ಕಹಳೆ ಯೋಚನೆ ಯಾರದಪ್ಪಾ?" ಎಂದು ಕೇಳಿದಳು. ನಾವೆಲ್ಲ ಸೇರಿ ಮಾಡಿದ್ದು ಎಂದೆ. ಬಹಳ ಹೆಮ್ಮೆಪಟ್ಟಳು.

ಉಳಿದ ಭಾಗ ಬೇಗ ಕಳಿಸು.

ತರ್ತ್ಸಾಲಿ ವೆಂದೆಲ್

*

ಸೆಗೆದ್, ಜುಲೈ 5

ವೆಂದೆಲ್,

ನಾವೆಲ್ಲ ಸೇರಿ ಎಂದೆಯಾ? ಒಳ್ಳೆಯದು.

ಮುತ್ತಿಗೆಯ ಭಾಗದ ಡಿಸ್ಕ್ ಜೊತೆಗಿದೆ. ಆಡಿ ನೋಡು, ಚೆನ್ನಾಗಿದೆ. ನನ್ನ ಕೆಲಸ ನನಗೇ ಇಷ್ಟು ಹಿಡಿಸಿ ಬಹಳ ದಿನವಾಗಿತ್ತು, ಅದು ನನಗೊಂದು ತೊಂದರೆಯಾಗಿ ಕೂತಿದೆ. ಯಾಕೆಂದು ನಿನಗೆ ಅರ್ಥವಾಗುವುದಿಲ್ಲ.

ಒಂದು ಪ್ರಶ್ನೆ. ಒಂದೇ ಸಲ ಕೇಳುತ್ತೇನೆ. ನಾಲ್ಕು ವರ್ಷದ ಹಿಂದೆ ನೀನು ಮಾಡಿದ್ದರ ಬಗ್ಗೆ ನನಗೆ ಹೇಳಬೇಕಾದ ಮಾತೇನಾದರೂ ನಿನ್ನಲ್ಲಿ ಇದೆಯಾ? ಅವಸರ ಬೇಡ, ಯೋಚಿಸಿ ಬರೆ. ಈ ಉತ್ತರದ ಮೇಲೆ ಏನೇನು ನಿಂತಿದೆಯೆಂದು ನಿನಗೆ ಗೊತ್ತಿಲ್ಲ.

ಬಾಕೋಶ್ ಶಾರೊಲ್ತಾ

*

ಬುಡಾಪೆಸ್ಟ್, ಆಗಸ್ಟ್ 9

ಶಾರಿ,

ತಡವಾಯಿತು, ಕ್ಷಮಿಸು. ಪರೀಕ್ಷಕರ ನಿಯಮಗಳ ಪುಸ್ತಕ ಲಂಡನ್ನಿನಿಂದ ಬಂತು, ಇಟ್ಟಿಗೆಯಷ್ಟು ದಪ್ಪ. ಅದನ್ನು ಓದಿ ಪರದೆಯನ್ನೆಲ್ಲ ಹೊಸದಾಗಿ ಜೋಡಿಸಿದೆ. ಬೇರೆ ಯಾರ ಕೈಗೂ ಕೊಡಲಿಲ್ಲ, ಪ್ರತಿಯೊಂದು ಚಿತ್ರ, ಪ್ರತಿಯೊಂದು ಅಕ್ಷರವನ್ನು ನಾನೇ ನನ್ನ ಕೈಯಾರೆ ಕೂರಿಸಿದೆ.

ನಿನ್ನ ಪ್ರಶ್ನೆಗೆ: ಏನು ಹೇಳಲಿ? ಪ್ರಕಾಶಕರಿಗೆ ಡಬ್ಬಿಯ ಮೇಲೆ ಒಂದೇ ಹೆಸರು ಬೇಕಿತ್ತು. ಎರಡು ಹೆಸರಾದರೆ ಜನ ಗೊಂದಲಪಡುತ್ತಾರೆ ಎಂದರು. ನಾನು ಅಲ್ಲಿದ್ದೆ, ನೀನಿರಲಿಲ್ಲ. ಕಾಫಿಯದು ತಮಾಷೆ, ನೀನು ನಗುತ್ತೀಯೆಂದುಕೊಂಡಿದ್ದೆ. ಇಷ್ಟು ಸಣ್ಣ ವಿಷಯವನ್ನು ಇಷ್ಟು ದಿನ ಕಟ್ಟಿಕೊಂಡು ಒದ್ದಾಡುತ್ತಾರಾ ಯಾರಾದರೂ? ಹೋಗಲಿ ಬಿಡು, ಕೆದಕುವುದು ಬೇಡ. ಈ ಸಲ ಮಾತು ಉಳಿಸಿಕೊಂಡಿದ್ದೇನೆ. ಜೊತೆಗಿರುವ ಡಿಸ್ಕಿನಲ್ಲಿ ಮೊದಲ ಪರದೆ ನೋಡು, ನಿನ್ನ ಹೆಸರು, ಬಂಗಾರದ ಅಕ್ಷರದಲ್ಲಿ.

ಕೊನೆಯ ಭಾಗವನ್ನು ತಿಂಗಳು ಮುಗಿಯುವುದರೊಳಗೆ ಕಳಿಸು. ಬಂದ ಕೂಡಲೇ ಎಲ್ಲ ಸೇರಿಸಿ ಲಂಡನ್ನಿಗೆ ಕಳಿಸುತ್ತೇವೆ.

ತರ್ತ್ಸಾಲಿ ವೆಂದೆಲ್

*

ಸೆಗೆದ್, ಆಗಸ್ಟ್ 14

ಅಕ್ಕಾ,

ನೀನು ಹೇಳಿದ ಮೇಲೆ ನಾನು ಆರಿಸಿಕೊಂಡಿದ್ದೆ. ಹೆಸರನ್ನೇ. ಟೀವಿಯ ಅಂಚಿನ ವಿಷಯವನ್ನೆಲ್ಲ ವಿವರಿಸಿ, ನಕ್ಷೆಯನ್ನು ಒಳಗೆ ಸರಿಸಿಕೋ ಎಂದು ವೆಂದೆಲ್‌ಗೆ ಕಾಗದ ಬರೆದು ಅಂಚೆಚೀಟಿಯನ್ನೂ ಅಂಟಿಸಿದ್ದೆ. ಅವನಿಗಾಗಿ ಅಲ್ಲ, ಆ ಕಹಳೆ ಸಾಯಬಾರದೆಂದು. ಅದು ನಾನು ಮಾಡಿದ್ದರಲ್ಲೆಲ್ಲ ಒಳ್ಳೆಯದು. ಅಷ್ಟರಲ್ಲಿ ಅವನ ಕಾಗದ, ಡಿಸ್ಕ್ ಬಂದವು.

ಕಾಗದದಲ್ಲಿ ಪಶ್ಚಾತ್ತಾಪದ ಒಂದು ಅಕ್ಷರವೂ ಇಲ್ಲ. ನನ್ನ ನಾಲ್ಕು ವರ್ಷ ಅವನಿಗೆ 'ಸಣ್ಣ ವಿಷಯ'. ಅದನ್ನಾದರೂ ನುಂಗಿಕೊಳ್ಳುತ್ತಿದ್ದೆ. ಡಿಸ್ಕನ್ನು ಮಾನಿಟರಿಗೆ ಹಾಕಿದೆ. ಮೊದಲ ಪರದೆ ಬಂತು. ಮೇಲೆ ಅವನ ಹೆಸರು, ಕೆಳಗೆ ನನ್ನದು, ಬಂಗಾರದ ಬಣ್ಣ. ಕಣ್ಣು ತುಂಬಿ ಬಂತು, ನಿಜ ಹೇಳುತ್ತೇನೆ. ಚಿಕ್ಕಮ್ಮನಿಗೆ ತೋರಿಸೋಣ ಎಂದು ಅಡುಗೆಮನೆಗೆ ಒಯ್ದು ಟೀವಿಗೆ ಹಾಕಿದೆ.

ನನ್ನ ಹೆಸರಿಲ್ಲ. ಒಂದು ಅಕ್ಷರದ ತುದಿಯೂ ಇಲ್ಲ.

"ಇವನ ಹೆಸರಿದೆ, ನಿಂದೆಲ್ಲೇ?" ಎಂದಳು ಚಿಕ್ಕಮ್ಮ.

"ಟೀವಿ ಹೊಟ್ಟೇಲಿದೆ ಚಿಕ್ಕಮ್ಮ."

"ಅಯ್ಯೋ, ಅದನ್ನ ಓದೋಕೆ ಟೀವಿ ಬಿಚ್ಚಿಸ್ಬೇಕಾ?"

ಅವನಿಗೆ ಅಂಚಿನ ಕಥೆ ಗೊತ್ತಿಲ್ಲದೆ ಹೀಗಾಯಿತೇನೋ ಎಂದು ಒಂದು ಕ್ಷಣ ಅಂದುಕೊಂಡೆ. ಆಮೇಲೆ ಆಟ ಶುರು ಮಾಡಿ ನೋಡಿದರೆ, ನಕ್ಷೆ ಅಂಚು ಬಿಟ್ಟು ಒಳಗೆ ಬಂದು ನೀಟಾಗಿ ಕೂತಿದೆ. ಕೋಟೆಯ ಗುರುತು, ಸೈನಿಕರ ಲೆಕ್ಕ ಎಲ್ಲವೂ ಒಳಗೆ ಬಂದಿವೆ. ಅವನ ಹೆಸರೂ ಮೇಲಿನ ಅಂಚಿನಿಂದ ಸರಿಯಾಗಿ ಅಷ್ಟೇ ದೂರದಲ್ಲಿದೆ, ಕೂದಲೆಳೆಯಷ್ಟೂ ಮೋಸವಿಲ್ಲ. ನಿಯಮದ ಪುಸ್ತಕ ಓದಿ ಎಲ್ಲವನ್ನೂ ತನ್ನ ಕೈಯಾರೆ ಸರಿಸಿದವನು ನನ್ನ ಹೆಸರೊಂದನ್ನು ಮಾತ್ರ ಯಾರ ಮನೆಯಲ್ಲೂ ಕಾಣದ ಪಟ್ಟಿಯಲ್ಲಿ ಬಿಟ್ಟಿದ್ದಾನೆ. ನಾನೂ ಅವನ ಹಾಗೆ ಮಾನಿಟರಿನಲ್ಲಿ ನೋಡಿ ಸಂತೋಷಪಟ್ಟುಕೊಂಡು ಸುಮ್ಮನಾಗುತ್ತೇನೆ ಎಂದುಕೊಂಡಿದ್ದಾನೆ.

ನೀನೇ ಹೇಳು ಅಕ್ಕ. ಮೊದಲನೆಯ ಸಲ ನನ್ನನ್ನು ಮರೆತ ಎಂದಾದರೂ ಅಂದುಕೊಳ್ಳಬಹುದಿತ್ತು. ಈ ಸಲ ನನ್ನ ಹೆಸರನ್ನು ಅಳತೆ ಮಾಡಿ ಹೂತಿದ್ದಾನೆ.

ಆ ನಿಯಮದ ಪುಸ್ತಕ ನನಗೆ ಬಾಯಿಪಾಠ. ಆಟ ಆಡಲು ಅಗತ್ಯವಾದದ್ದೆಲ್ಲ ಟೀವಿಯಲ್ಲಿ ಕಾಣಬೇಕು ಎನ್ನುತ್ತದೆ. ಮಾಡಿದವರ ಹೆಸರು ಆಟಕ್ಕೆ ಅಗತ್ಯವಲ್ಲ, ಅದಕ್ಕೇ ಪರೀಕ್ಷಕರು ತಕರಾರು ಮಾಡುವುದಿಲ್ಲ, ಅವನಿಗೂ ಅದು ಗೊತ್ತು.

ಸರಿ. ಕೊನೆಯ ಭಾಗ ಇನ್ನೂ ನನ್ನ ಕೈಯಲ್ಲೇ ಇದೆ. ಬಟನ್ ಒತ್ತಿದರೆ ಏನಾಗಬೇಕೆನ್ನುವುದು ಪೂರ್ತಿ ನನ್ನದು ಎಂದು ಅವನೇ ಸಹಿ ಹಾಕಿದ್ದಾನೆ. ನನ್ನ ಹೆಸರನ್ನು ಆಟಕ್ಕೆ ಅಗತ್ಯ ಮಾಡುತ್ತೇನೆ. ಅಂಚೆಚೀಟಿ ಅಂಟಿಸಿದ್ದ ಆ ಕಾಗದವನ್ನು ಹರಿದುಹಾಕಿದೆ. ಒಟ್ಟೋಗೆ ಹೇಳು, ಈ ಸಲ ವೆಂದೆಲ್‌ಗೆ ಗೊತ್ತಾಗುತ್ತದೆ.

ಶಾರಿ

*

ಸೆಗೆದ್, ಆಗಸ್ಟ್ 25

ವೆಂದೆಲ್,

ನನ್ನ ಹೆಸರು ನೋಡಿದೆ. ಎಲ್ಲಿಟ್ಟಿದ್ದೀಯೋ ಅಲ್ಲೇ ಇರಲಿ, ಒಂದು ಕೂದಲಷ್ಟೂ ಸರಿಸಬೇಡ. ನಿನ್ನ ಹೆಸರನ್ನೂ ಸರಿಸಬೇಡ.

ಕೊನೆಯ ಭಾಗ ಇದರ ಜೊತೆಗಿದೆ. ಆಟ ಶುರುವಾಗುವ ಮೊದಲು ಚಿತ್ರ ಹೊಂದಿಸಿಕೊಳ್ಳುವ ಒಂದು ಹೆಜ್ಜೆ ಸೇರಿಸಿದ್ದೇನೆ. ಎಲ್ಲರ ಮನೆಯ ಟೀವಿಯೂ ಒಂದೇ ಥರ ಇರುವುದಿಲ್ಲ, ಕೆಲವುಗಳಲ್ಲಿ ಚಿತ್ರ ಕೆಳಗೆ ಕೂತಿರುತ್ತದೆ. ಆಟಗಾರ ಬಟನ್ ಒತ್ತಿ ಮೊದಲ ಪರದೆಯನ್ನು ಮೇಲಕ್ಕೋ ಕೆಳಕ್ಕೋ ಸರಿಸಿಕೊಂಡು, ಕೆಳಗಿನ ಸಾಲು ಪೂರ್ತಿ ಕಂಡ ಮೇಲೆ ಕಹಳೆ ಊದಿದರೆ ಮಾತ್ರ ಆಟ ಶುರುವಾಗುತ್ತದೆ. ಪರೀಕ್ಷಕರಿಗೆ ಇಂಥ ಸೌಜನ್ಯ ಇಷ್ಟ. ನಿಮ್ಮ ಮಾನಿಟರಿನಲ್ಲಿ ಎಲ್ಲ ಕಡೆ ಸರಿಸಿ ನೋಡು, ಏನೂ ತಪ್ಪು ಕಾಣುವುದಿಲ್ಲ.

ನನ್ನ ಭಾಗ ಪೂರ್ತಿ ತಲುಪಿತು, ಇದ್ದ ಹಾಗೇ ಸೇರಿಸಿದ್ದೇನೆ ಎಂದು ಬರೆದು ಸಹಿ ಮಾಡಿ ಕಳಿಸು.

ಬಾಕೋಶ್ ಶಾರೊಲ್ತಾ

*

ಬುಡಾಪೆಸ್ಟ್, ಅಕ್ಟೋಬರ್ 8

ಶಾರಿ,

ಪಾಸಾಯಿತು! ಮೊದಲ ಸಲಕ್ಕೇ, ಒಂದು ತಕರಾರೂ ಇಲ್ಲದೆ. ಚಿತ್ರ ಹೊಂದಿಸುವ ನಿನ್ನ ಹೆಜ್ಜೆಯನ್ನು ಲಂಡನ್ನಿನವರು ಹೊಗಳಿ ಬರೆದಿದ್ದಾರೆ, ಎಲ್ಲ ಆಟದವರೂ ಇದನ್ನು ನೋಡಿ ಕಲಿಯಬೇಕಂತೆ. ಆಫೀಸು ಉಳಿಯಿತು. ಡಿಸ್ಕುಗಳು ಅಚ್ಚಿಗೆ ಹೋಗಿವೆ. ನಿನ್ನೆ ಎಲ್ಲರೂ ಹೋಗಿ ಬಿಯರ್ ಲೋಟ ತಟ್ಟಿದೆವು, ನೂರೈವತ್ತು ವರ್ಷ ಮುಗಿಯಿತಲ್ಲ. ನಿನ್ನ ಹೆಸರಿನಲ್ಲೂ ಒಂದು ತಟ್ಟಿದೆ.

ನೀನು ಕೇಳಿದ ಸಹಿ: ನಿನ್ನ ಭಾಗ ಪೂರ್ತಿ ತಲುಪಿತು, ಇದ್ದ ಹಾಗೇ ಸೇರಿಸಿದ್ದೇನೆ. ನೋಡಿದೆಯಾ, ಕೊನೆಗೆ ಎಲ್ಲ ಹೇಗೆ ಸರಿಹೋಯಿತು?

ತರ್ತ್ಸಾಲಿ ವೆಂದೆಲ್

*

ಬುಡಾಪೆಸ್ಟ್, ಡಿಸೆಂಬರ್ 27

ಶಾರೊಲ್ತಾ,

ನಿನ್ನೆ ವಾತ್ಸ್‌ನಲ್ಲಿ ಅಮ್ಮನ ಮನೆಗೆ ಹೋಗಿದ್ದೆ. ತಮ್ಮ, ತಮ್ಮನ ಹೆಂಡತಿ, ಅತ್ತೆ ಮಾವ, ಪಕ್ಕದ ಮನೆಯವರು, ಎಲ್ಲರೂ ಗಸಗಸೆ ಸುರುಳಿ ತಿನ್ನುತ್ತಾ ಟೀವಿಯ ಮುಂದೆ ಕೂತಿದ್ದರು. ಮಗನ ಆಟ ಎಂದು ಅಮ್ಮನೇ ಊರಿನ ಅಂಗಡಿಯಿಂದ ಪೆಟ್ಟಿಗೆ ಸಮೇತ ಕೊಂಡು ತಂದು ಎಲ್ಲರನ್ನೂ ಕರೆದಿದ್ದಳು.

ಡಿಸ್ಕ್ ಹಾಕಿದಳು. ಮೇಲೆ ನನ್ನ ಹೆಸರು ಬಂತು, ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ನಿನ್ನ ಸೌಜನ್ಯ ಬಂತು. 'ಕೆಳಗಿನ ಸಾಲು ಪೂರ್ತಿ ಕಾಣುವವರೆಗೆ ಚಿತ್ರವನ್ನು ಮೇಲಕ್ಕೆ ಎತ್ತಿ.' ಅಮ್ಮ ಹೇಳಿದ್ದನ್ನು ಹೇಳಿದ ಹಾಗೇ ಮಾಡುವವಳು. ಕನ್ನಡಕ ಹಾಕಿಕೊಂಡು ಎತ್ತಿದಳು. ಕೆಳಗಿನಿಂದ ಬಂಗಾರದ ಅಕ್ಷರ ಒಂದೊಂದೇ ಗೆರೆಯಾಗಿ ಮೇಲೆ ಬಂತು. ಅದು ಬಂದಷ್ಟೂ ಮೇಲೆ ನನ್ನ ಹೆಸರು ಚೌಕಟ್ಟಿನೊಳಗೆ ಸೇರುತ್ತಾ ಹೋಯಿತು. ನಿನ್ನ ಹೆಸರು ಪೂರ್ತಿ ಕಂಡಾಗ ನನ್ನದು ಒಂದು ಚುಕ್ಕೆಯೂ ಉಳಿದಿರಲಿಲ್ಲ. ನಾವು ಮಾನಿಟರಿನಲ್ಲಿ ನೋಡಿದಾಗ ಎರಡೂ ಕಾಣುತ್ತಿದ್ದವು!

ಅಮ್ಮ ಎಲ್ಲರಿಗೂ ಕೇಳುವ ಹಾಗೆ ಓದಿದಳು. "ಬಾಕೋಶ್ ಶಾರೊಲ್ತಾ. ಅಯ್ಯೋ, ಆ ಹುಡುಗಿ ಅಲ್ವೇನೋ, ಮುಂಚೆ ಮನೆಗೆ ಬರ್ತಿದ್ಲಲ್ಲ? ಕಹಳೇನೂ ಅವಳದ್ದೇನಾ?" ನಾನು ಇನ್ನೊಂದು ಸುರುಳಿ ತೆಗೆದುಕೊಂಡೆ. "ನಿನ್ನ ಹೆಸ್ರೆಲ್ಲೋ ಮಗನೆ? ಈಗ್ಲೇ ಇತ್ತಲ್ಲ?" ಎಂದಳು. ತಮ್ಮ ನಗುತ್ತಾ, "ಅಣ್ಣಾ, ಅಲ್ಲಿ ನೀನು ಮಾಡೋ ಕೆಲಸ ಏನು ಅಂದೆ?" ಎಂದ. ಅತ್ತೆ ತಟ್ಟೆ ನೋಡುತ್ತಾ ಕೂತರು.

ನಾಡಿನಾಚೆ ಎಷ್ಟು ಮನೆಗಳಲ್ಲಿ, ಯಾವ ಯಾವ ಭಾಷೆಯ ಜನ ನಿನ್ನ ಹೆಸರನ್ನು ತಮ್ಮ ಕೈಯಿಂದಲೇ ಮೇಲೆತ್ತುತ್ತಿದ್ದಾರೋ ಗೊತ್ತಿಲ್ಲ. ಡಿಸ್ಕುಗಳೆಲ್ಲ ಅಚ್ಚಾಗಿ ಹೋಗಿವೆ. ಇವತ್ತು ಮಧ್ಯಾಹ್ನ ಇಲ್ಲಿಯ ವಕೀಲನಿಗೆ ನಮ್ಮ ಕಾಗದಗಳ ಪ್ರತಿಗಳನ್ನೆಲ್ಲ ತೋರಿಸಿದೆ, ನೀನು ಕೇಳಿದ್ದಕ್ಕೆಲ್ಲ ನನ್ನ ಸಹಿ ಇದೆ ಎಂದು ನಕ್ಕುಬಿಟ್ಟ.

ಅಮ್ಮ ರಾತ್ರಿ ಮಲಗುವವರೆಗೂ ಕಂಟ್ರೋಲರನ್ನು ನನ್ನ ಕೈಗೆ ಕೊಡಲಿಲ್ಲ. ಬೆಳಿಗ್ಗೆ ಎದ್ದು ಮತ್ತೆ ಕೇಳಿದಳು, "ನಿನ್ನ ಹೆಸ್ರು ಎಲ್ಲೋ, ನಾನು ಏನಾದ್ರೂ ತಪ್ಪು ಒತ್ತಿದ್ನಾ?" ಎಂದು. ನಾನು ಅವಳಿಗೆ ಏನು ಹೇಳಲಿ? ನನ್ನ ಹೆಸರನ್ನು ವಾಪಸ್ ತರುವುದು ಹೇಗೆ? ಅದನ್ನಾದರೂ ಬರೆ.

ವೆಂದೆಲ್

*

ಸೆಗೆದ್, ಜನವರಿ 3, 2000

ವೆಂದೆಲ್,

ನಿನ್ನ ಅಮ್ಮನಿಗೆ ಹೊಸ ವರ್ಷದ ಶುಭಾಶಯ ಹೇಳು. ಅವರು ಒತ್ತಿದ್ದರಲ್ಲಿ ಏನೂ ತಪ್ಪಿಲ್ಲ ಎಂದೂ ಹೇಳು, ಬಡಪಾಯಿ ಹೆಂಗಸು ಸುಮ್ಮನೆ ಕೊರಗಬಾರದು.

ನಿನ್ನ ಹೆಸರಿನ ಒಂದು ಅಕ್ಷರವನ್ನೂ ನಾನು ಮುಟ್ಟಿಲ್ಲ. ನೀನು ಎಲ್ಲಿ ಕೂರಿಸಿದೆಯೋ ಅಲ್ಲೇ ಇದೆ. ಚಿತ್ರವನ್ನು ಕೆಳಕ್ಕೆ ಇಳಿಸಲು ಹೇಳು, ಪೂರ್ತಿ ಕಾಣುತ್ತದೆ, ಎಷ್ಟು ಹೊತ್ತು ಬೇಕಾದರೂ ಕೂತು ನೋಡಬಹುದು. ಆಟ ಮಾತ್ರ ಶುರುವಾಗುವುದಿಲ್ಲ.

ಬಾಕೋಶ್ ಶಾರೊಲ್ತಾ